ಗೋಡೆಗೆ ಕಿವಿ ಇದ್ದ ಶ್ವೇತಭವನ

ಅಧ್ಯಕ್ಷರ ಮೇಜಿನ ಮೇಲೆ ಒಂದು ದೀಪ. ನೋಡಲು ಎಲ್ಲ ಮೇಜುದೀಪಗಳ ಹಾಗೇ ಇದೆ. ಆದರೆ ಅದರೊಳಗೆ ಮೈಕ್ರೊಫೋನ್! ಅದರ ತಂತಿ ನೆಲದೊಳಗಿಳಿದು ಕೆಳಗಿನ ಬೀಗ ಹಾಕಿದ ಕೋಣೆಯೊಂದನ್ನು ಸೇರುತ್ತದೆ. ಅಲ್ಲಿ ಫಿಲ್ಮಿನ ಸುರುಳಿಯ ಮೇಲೆ ದನಿ ಮೂಡಿಸುವ ಯಂತ್ರವೊಂದು ತನ್ನ ಪಾಡಿಗೆ ತಿರುಗುತ್ತಿದೆ. ಕಾಲ 1940, ಆಗಸ್ಟಿನಿಂದ ನವೆಂಬರ್. ದೀಪದ ಮುಂದೆ ಕೂತವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಹಿಟ್ಲರ್ ಫ್ರಾನ್ಸನ್ನು ನುಂಗಿ ಆಗಿದೆ, ಲಂಡನ್ನಿನ ಮೇಲೆ ಬಾಂಬು ಸುರಿಯುತ್ತಿವೆ, ಅಮೆರಿಕದಲ್ಲಿ ಚುನಾವಣೆಯ ಕಾವು. ಎದುರು ಕೂತು ಮಾತಾಡುವವರಿಗೆ ತಮ್ಮ ಒಂದೊಂದು ಮಾತೂ ದಾಖಲಾಗುತ್ತಿದೆ ಎಂಬ ಸುಳಿವೂ ಇಲ್ಲ.

ಈ ಗುಟ್ಟು ಹೊರಬಿದ್ದದ್ದು ಯಾವಾಗ ಗೊತ್ತೆ? 1978ರಲ್ಲಿ! ನಮ್ಮಲ್ಲಿ ಚಿಕ್ಕಮಗಳೂರು ಉಪಚುನಾವಣೆಯ ಗದ್ದಲ ಎದ್ದ ಅದೇ ವರ್ಷ, ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕಿನ ರೂಸ್‌ವೆಲ್ಟ್ ಗ್ರಂಥಾಲಯದಲ್ಲಿ ರಾಬರ್ಟ್ ಬ್ಯೂಟೋ ಎಂಬ ಇತಿಹಾಸಕಾರರಿಗೆ ಈ ಧ್ವನಿಮುದ್ರಣಗಳ ಸುಳಿವು ಸಿಕ್ಕಿತು. ಜಪಾನಿನ ಯುದ್ಧಕಾಲದ ರಾಜಕಾರಣ ಅವರ ವಿಷಯ; ಇಂಥದೊಂದನ್ನು ಹುಡುಕಿಕೊಂಡು ಅವರು ಬಂದಿರಲಿಲ್ಲ. ರೂಸ್‌ವೆಲ್ಟ್ ತೀರಿಕೊಂಡು ಮೂರು ದಶಕ ಕಳೆದಿತ್ತು. ಅವರ ಬಗ್ಗೆ ಕಪಾಟುಗಟ್ಟಲೆ ಪುಸ್ತಕ ಬಂದಿದ್ದವು. ಅಷ್ಟೂ ಪುಸ್ತಕಗಳಲ್ಲಿ ಇಲ್ಲದ ಒಂದು ವಸ್ತು ಅಲ್ಲಿ ಕಾದಿತ್ತು: ಭಾಷಣ ಮಾಡದೆ ಸುಮ್ಮನೆ ಹರಟುವ ರೂಸ್‌ವೆಲ್ಟರ ದನಿ. ಪತ್ರಿಕಾಗೋಷ್ಠಿಗಳೂ ಸೇರಿ ಮುದ್ರಣ ಒಟ್ಟು ಎಂಟು ಗಂಟೆಯಷ್ಟು!

ಯಂತ್ರ ಬಂದದ್ದು ಸಿಟ್ಟಿನಿಂದ. 1939ರ ಜನವರಿಯಲ್ಲಿ ಸೆನೆಟರುಗಳ ಜೊತೆ ರೂಸ್‌ವೆಲ್ಟ್ ಗುಟ್ಟಾಗಿ ಆಡಿದ ಮಾತು, ‘ಅಮೆರಿಕದ ಗಡಿ ರೈನ್ ನದಿಯ ಮೇಲಿದೆ’ ಎಂದು ಅಧ್ಯಕ್ಷರು ಹೇಳಿದರೆಂಬ ರೂಪದಲ್ಲಿ ಪತ್ರಿಕೆಗಳಿಗೆ ಹೋಗಿ ದೊಡ್ಡ ರಾದ್ಧಾಂತವಾಯಿತು. ಇನ್ನು ಮುಂದೆ ಆಡಿದ್ದಕ್ಕೆ ಸಾಕ್ಷಿ ಇರಲಿ ಎಂದು ಪತ್ರಿಕಾಗೋಷ್ಠಿಗಳನ್ನು ದಾಖಲಿಸುವ ಏರ್ಪಾಟಾಯಿತು. ಆಗ ಗೋಷ್ಠಿ ನಡೆಯುತ್ತಿದ್ದದ್ದು ಅಧ್ಯಕ್ಷರ ಮೇಜಿನ ಸುತ್ತಲೇ. ಗೋಷ್ಠಿ ಮುಗಿದ ಮೇಲೂ ಕೆಲವೊಮ್ಮೆ ಯಂತ್ರ ಓಡುತ್ತಲೇ ಇತ್ತು. ನಮ್ಮ ಪುಣ್ಯ!

ಆ ಉಳಿಕೆಯಲ್ಲಿ ಏನಿದೆ ಕೇಳಿ. ಎದುರಾಳಿ ಅಭ್ಯರ್ಥಿ ವೆಂಡೆಲ್ ವಿಲ್ಕಿಗೆ ಹೆಂಡತಿಯಲ್ಲದೆ ಇನ್ನೊಬ್ಬಳ ಸಂಗವಿತ್ತು. ಅದನ್ನು ವೇದಿಕೆಯ ಮೇಲೆ ಎತ್ತಬಾರದು, ಆದರೆ ಕೆಳಹಂತದ ಕಾರ್ಯಕರ್ತರು ಬಾಯಿಂದ ಬಾಯಿಗೆ ಹರಡಬಹುದು ಎಂದು ರೂಸ್‌ವೆಲ್ಟ್ ತಮ್ಮ ಸಹಾಯಕರಿಗೆ ಪಾಠ ಹೇಳುತ್ತಿದ್ದಾರೆ! ಆರ್ಥಿಕ ಕುಸಿತದಿಂದ ದೇಶವನ್ನು ಎತ್ತಿದ, ರೇಡಿಯೊದಲ್ಲಿ ಜನರ ಜೊತೆ ಮನೆಯ ಹಿರಿಯನಂತೆ ಮಾತಾಡಿದ ಅದೇ ಮನುಷ್ಯ. ನಮ್ಮ ಯಾವುದೇ ತಾಲ್ಲೂಕಿನ ಪಳಗಿದ ರಾಜಕಾರಣಿ ಇದನ್ನು ಕೇಳಿದರೆ ‘ಇವರು ನಮ್ಮವರೇ’ ಎಂದು ತಲೆದೂಗಿಯಾನು.

ಇನ್ನೊಂದು ಮುದ್ರಣ ನಗು ಬರಿಸುವಂಥದಲ್ಲ. 1940ರ ಸೆಪ್ಟೆಂಬರ್ 27. ಕರಿಯ ಜನಾಂಗದ ಮುಂದಾಳುಗಳಾದ ಫಿಲಿಪ್ ರ‍್ಯಾಂಡಾಲ್ಫ್ ಮತ್ತು ವಾಲ್ಟರ್ ವೈಟ್ ಅಧ್ಯಕ್ಷರೆದುರು ಕೂತಿದ್ದಾರೆ. ಸೇನೆಯಲ್ಲಿ ಬಿಳಿಯರು ಕರಿಯರೆಂಬ ಭೇದ ನಿಲ್ಲಲಿ ಎಂಬುದು ಅವರ ಬೇಡಿಕೆ. ರೂಸ್‌ವೆಲ್ಟ್ ಸಲೀಸಾಗಿ, ಅಕ್ಕರೆಯಿಂದಲೇ ಮಾತಾಡುತ್ತ, ಕೆಲವು ಹಡಗುಗಳಲ್ಲಿ ಕರಿಯರ ವಾದ್ಯವೃಂದ ಇಡಬಹುದಲ್ಲ ಎನ್ನುತ್ತಾರೆ. ಸಮಾನತೆ ಕೇಳಲು ಬಂದವರಿಗೆ ಬ್ಯಾಂಡು! ಕೆಲವೇ ದಿನಗಳಲ್ಲಿ ಶ್ವೇತಭವನ ಹೊರಡಿಸಿದ ಹೇಳಿಕೆ, ಭೇದನೀತಿಯೇ ಮುಂದುವರಿಯುತ್ತದೆ, ಇದಕ್ಕೆ ಆ ಮುಂದಾಳುಗಳ ಒಪ್ಪಿಗೆಯೂ ಇದೆ ಎಂಬ ಅರ್ಥ ಬರುವಂತಿತ್ತು. ಅವರು ಒಪ್ಪಿರಲಿಲ್ಲ. ಆಗ ಅದು ಅವರ ಮಾತು, ಸರ್ಕಾರದ ಮಾತು ಎಂಬ ಜಗಳ. ಈಗ ಸಾಕ್ಷಿ ನಮ್ಮ ಕಿವಿಗೇ ಸಿಗುತ್ತದೆ. ಮರುವರ್ಷ ರ‍್ಯಾಂಡಾಲ್ಫ್ ವಾಷಿಂಗ್ಟನ್ನಿಗೆ ಜನಸಾಗರದ ಮೆರವಣಿಗೆ ತರುತ್ತೇನೆಂದು ಬೆದರಿಸಿದರು. 1941ರ ಜೂನ್ 25ರಂದು ರೂಸ್‌ವೆಲ್ಟ್ ಮಣಿದು, ಯುದ್ಧಸಾಮಗ್ರಿ ಕಾರ್ಖಾನೆಗಳಲ್ಲಿ ವರ್ಣಭೇದ ಸಲ್ಲದೆಂಬ ಆದೇಶ ಹೊರಡಿಸಿದರು. ಸೇನೆಯ ಭೇದ ಹೋಗಲು ಮುಂದಿನ ಅಧ್ಯಕ್ಷ ಟ್ರೂಮನ್ನರ 1948ರ ಆದೇಶದವರೆಗೆ ಕಾಯಬೇಕಾಯಿತು.

ಟ್ರೂಮನ್ ಈ ಯಂತ್ರವನ್ನು ಮುಟ್ಟಿದ್ದೇ ಕಡಿಮೆ. ಐಸೆನ್‌ಹೋವರ್ ಕೆಲವು ಮಾತುಕತೆಗಳನ್ನಷ್ಟೇ ದಾಖಲಿಸಿಕೊಂಡರು. ನಿಜವಾದ ನಿಧಿ ಶುರುವಾಗುವುದು 1962ರ ಬೇಸಿಗೆಯಿಂದ, ಕೆನಡಿಯವರ ಕಾಲಕ್ಕೆ.

ಕೆನಡಿ ಗುಪ್ತ ರಕ್ಷಣಾ ದಳದ ಅಧಿಕಾರಿ ರಾಬರ್ಟ್ ಬೌಕ್ ಅವರನ್ನು ಕರೆಸಿ, ತಮ್ಮ ಕಚೇರಿಯಲ್ಲೂ ಸಂಪುಟ ಸಭೆಯ ಕೋಣೆಯಲ್ಲೂ ಮೈಕ್ರೊಫೋನು ಅಡಗಿಸಲು ಹೇಳಿದರು. ಕಾರಣ ಹೇಳಲಿಲ್ಲ. ಹಿಂದಿನ ವರ್ಷ ಕ್ಯೂಬಾದ ಬೇ ಆಫ್ ಪಿಗ್ಸ್ ದಂಡಯಾತ್ರೆ ಮಣ್ಣುಮುಕ್ಕಿದಾಗ, ಮುಂಚೆ ಹೂಂಗುಟ್ಟಿದ ಸಲಹೆಗಾರರೆಲ್ಲ ‘ನಾನಾಗಲೇ ಬೇಡ ಅಂದಿದ್ದೆ’ ಎಂದು ಜಾರಿಕೊಂಡದ್ದೇ ಕಾರಣ ಎಂಬುದು ಹಲವರ ಊಹೆ. ಟೇಪು ತಿರುಗುತ್ತಿದ್ದದ್ದು ನೆಲಮಾಳಿಗೆಯಲ್ಲಿ. ಚಾಲೂ ಮಾಡುವ ಗುಂಡಿ? ಕಚೇರಿ ಮೇಜಿನ ಮೇಲೆ ಪೆನ್ನು ಸಿಕ್ಕಿಸುವ ಗೂಡಿನಲ್ಲೊಂದು. ಸಭೆಯ ಮೇಜಿನಡಿ, ಅಧ್ಯಕ್ಷರ ಕೈಗೆಟುಕುವಲ್ಲಿ ಇನ್ನೊಂದು. ದೇಶದ ರಕ್ಷಣಾ ಮಂತ್ರಿ ಗಂಭೀರವಾಗಿ ಏನೋ ಹೇಳುತ್ತಿರುವಾಗ ಅಧ್ಯಕ್ಷರ ಬೆರಳು ಮೇಜಿನಡಿ ಮೆಲ್ಲಗೆ ಒತ್ತುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ!

ಆ ಬೆರಳು ಗುಂಡಿ ಒತ್ತಿದ ದಿನಗಳಲ್ಲಿ 1962ರ ಅಕ್ಟೋಬರ್ 16 ಒಂದು. ಸೋವಿಯತ್ ಕ್ಷಿಪಣಿಗಳು ಕ್ಯೂಬಾಕ್ಕೆ ಬಂದಿಳಿದಿವೆ ಎಂಬುದಕ್ಕೆ ಯು-2 ವಿಮಾನ ತಂದ ಚಿತ್ರಗಳು ಮೇಜಿನ ಮೇಲಿವೆ. ಅಲ್ಲಿಂದ ಮುಂದಿನ 13 ದಿನ ಲೋಕ ಅಣುಯುದ್ಧದ ಅಂಚಿನಲ್ಲಿ ನಿಂತಿತ್ತು. ಆ ದಿನಗಳ ಸಭೆಗಳು, ಮಾತಿನ ತೊದಲು, ನಡುವೆ ಬೀಳುವ ಮೌನ, ಕಾಗದದ ಸರಪರ, ಎಲ್ಲ ಇವತ್ತಿಗೂ ಕೇಳಲು ಸಿಗುತ್ತವೆ. ಮೈ ಜುಮ್ಮೆನ್ನದೆ ಇರುತ್ತದೆಯೆ?

ಅಕ್ಟೋಬರ್ 19ರ ಬೆಳಗ್ಗೆ ಸೇನಾ ಮುಖ್ಯಸ್ಥರ ಸಭೆ. ವಾಯುಪಡೆಯ ಮುಖ್ಯಸ್ಥ ಕರ್ಟಿಸ್ ಲಮೇ ಕೂತಿದ್ದಾರೆ. 1945ರಲ್ಲಿ ಟೋಕಿಯೊವನ್ನು ಬೆಂಕಿಬಾಂಬುಗಳಿಂದ ಸುಟ್ಟ ದಾಳಿಯ ಸೂತ್ರಧಾರ. ಕ್ಯೂಬಾ ಮೇಲೆ ಕೂಡಲೇ ಬಾಂಬು ಹಾಕಬೇಕು ಎಂಬುದು ಅವರ ಹಟ. ಸಮುದ್ರದ ದಿಗ್ಬಂಧನವೆಂದರೆ ಮ್ಯೂನಿಕ್ಕಿನಲ್ಲಿ ಹಿಟ್ಲರನ ಮುಂದೆ ಬಾಗಿದ್ದಕ್ಕೆ ಸಮ ಎಂದು ಅಧ್ಯಕ್ಷರ ಮುಖಕ್ಕೇ ಹೇಳುತ್ತಾರೆ. ಈ ಮಾತಿನ ವಿಷ ಎಲ್ಲಿತ್ತು ಗೊತ್ತೆ? 1938ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದು ಬ್ರಿಟನ್ ಪ್ರಧಾನಿ ಚೇಂಬರ್ಲಿನ್ನರ ಆ ಒಪ್ಪಂದವನ್ನು ಮೆಚ್ಚಿದವರು ಕೆನಡಿಯ ಅಪ್ಪನೇ! ಮಾತು ಅಲ್ಲಿಗೇ ನಿಲ್ಲಲಿಲ್ಲ. ನೀವು ಪೇಚಿಗೆ ಸಿಕ್ಕಿಕೊಂಡಿದ್ದೀರಿ ಅಧ್ಯಕ್ಷರೇ ಎಂದು ಲಮೇ ಕುಟುಕುತ್ತಾರೆ. ಏನಂದಿರಿ ಎಂದು ಕೆನಡಿ ಕೇಳುತ್ತಾರೆ. ಲಮೇ ಅದನ್ನೇ ಮತ್ತೆ ಹೇಳುತ್ತಾರೆ. ನನ್ನ ಜೊತೆ ನೀವೂ ಸಿಕ್ಕಿಕೊಂಡಿದ್ದೀರಲ್ಲ ಎನ್ನುತ್ತಾರೆ ಕೆನಡಿ. ದನಿ ಏರುವುದಿಲ್ಲ. ಮೇಜು ಗುದ್ದುವುದಿಲ್ಲ. ಅಷ್ಟೇ.

ಇನ್ನೂ ಸ್ವಾರಸ್ಯ ಬಾಕಿ ಇದೆ. ಕೆನಡಿ ಎದ್ದು ಹೊರಗೆ ಹೋಗುತ್ತಾರೆ. ಟೇಪು ನಿಲ್ಲಿಸುವುದಿಲ್ಲ! ಬಾಗಿಲು ಮುಚ್ಚಿಕೊಂಡಿತೆಂದು ಜನರಲ್‌ಗಳು ನಿರಾಳವಾಗಿ ಅಧ್ಯಕ್ಷರನ್ನು ಬೈದುಕೊಳ್ಳಲು ಶುರುಮಾಡುತ್ತಾರೆ. ಮೆರೈನ್ ದಳದ ಮುಖ್ಯಸ್ಥ ಡೇವಿಡ್ ಶೂಪ್, ನೀವು ಅವರ ಕಾಲಡಿಯ ನೆಲವನ್ನೇ ಎಳೆದುಬಿಟ್ಟಿರಿ ಎಂದು ಲಮೇ ಬೆನ್ನು ತಟ್ಟುತ್ತಾರೆ. ಜೊತೆಗೆ ಅಚ್ಚುಮಾಡಲಾಗದ ನಾಲ್ಕಾರು ಶಬ್ದ. ಸರ್ವೋಚ್ಚ ದಂಡನಾಯಕನ ಬೆನ್ನ ಹಿಂದೆ ದಂಡಿನವರು ಆಡಿದ ಆ ಮಾತು ಆ ದಂಡನಾಯಕನ ಟೇಪಿಗೇ ಹೋಗಿ ಬಿದ್ದಿತು.

ಆದರೆ ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಅಕ್ಟೋಬರ್ 27ರ ಶನಿವಾರ. ಅವತ್ತು ಕ್ಯೂಬಾ ಮೇಲೆ ಅಮೆರಿಕದ ಯು-2 ಉರುಳಿಬಿದ್ದು ಮೇಜರ್ ರುಡಾಲ್ಫ್ ಆ್ಯಂಡರ್ಸನ್ ಸತ್ತರು. ಟರ್ಕಿಯಲ್ಲಿರುವ ನಿಮ್ಮ ಜುಪಿಟರ್ ಕ್ಷಿಪಣಿಗಳನ್ನು ತೆಗೆಯಿರಿ, ನಾವು ಕ್ಯೂಬಾದಿಂದ ನಮ್ಮವನ್ನು ತೆಗೆಯುತ್ತೇವೆ ಎಂದು ಸೋವಿಯತ್ ನಾಯಕ ಕ್ರುಶ್ಚೇವ್ ಬಹಿರಂಗವಾಗಿ ಕೇಳಿದರು. ಕೋಣೆಯಲ್ಲಿ ಕೂತವರು ಯಾರು? ವಿದೇಶಾಂಗ ಮಂತ್ರಿ, ರಕ್ಷಣಾ ಮಂತ್ರಿ, ಭದ್ರತಾ ಸಲಹೆಗಾರ, ತಮ್ಮ ರಾಬರ್ಟ್. ಹೆಚ್ಚುಕಡಿಮೆ ಎಲ್ಲರೂ ಈ ವಿನಿಮಯ ಬೇಡ, ಮಿತ್ರದೇಶಗಳು ಏನಂದುಕೊಂಡಾವು ಎನ್ನುತ್ತಿದ್ದಾರೆ. ಕೆನಡಿ ಬಿಡುತ್ತಿಲ್ಲ. ವಿವೇಕವಿರುವ ಯಾವನಿಗೂ ಇದು ನ್ಯಾಯವಾದ ವ್ಯಾಪಾರವಾಗಿಯೇ ಕಾಣುತ್ತದೆ, ಇದನ್ನು ತಳ್ಳಿ ಯುದ್ಧಕ್ಕೆ ಹೋದರೆ ಜನಕ್ಕೆ ಏನು ಹೇಳುವುದು ಎಂಬುದನ್ನು ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಎತ್ತುತ್ತಾರೆ. ಆಜ್ಞೆ ಮಾಡುವುದಿಲ್ಲ. ಸೋಲುವುದೂ ಇಲ್ಲ. ಸಂಜೆ ರಾಬರ್ಟ್ ಕೆನಡಿ ಸೋವಿಯತ್ ರಾಯಭಾರಿ ಡೊಬ್ರಿನಿನ್‌ರನ್ನು ಕಂಡು ಟರ್ಕಿಯ ಕ್ಷಿಪಣಿಗಳ ಬಗ್ಗೆ ಗುಟ್ಟಾಗಿ ಮಾತುಕೊಟ್ಟರು. ಮರುದಿನ ಬಿಕ್ಕಟ್ಟು ಕರಗಿತು.

ಲೋಕಕ್ಕೆ ಹೇಳಿದ್ದು ಬೇರೆಯೇ ಕಥೆ. ಕೆನಡಿ ಕಣ್ಣು ಮಿಟುಕಿಸದೆ ನಿಂತರು, ಕ್ರುಶ್ಚೇವ್ ಹಿಂಜರಿದರು, ವಿನಿಮಯ ಗಿನಿಮಯ ಏನೂ ಇರಲಿಲ್ಲ! 1969ರಲ್ಲಿ ಬಂದ ರಾಬರ್ಟ್ ಕೆನಡಿಯವರ ಪುಸ್ತಕದಿಂದ ಆ ಗುಟ್ಟಿನ ಮಾತನ್ನು ತಾನೇ ತೆಗೆದುಹಾಕಿದೆ ಎಂದು ಕೆನಡಿಯವರ ಭಾಷಣಕಾರ ಸೊರೆನ್ಸನ್ ಒಪ್ಪಿಕೊಂಡದ್ದು 1989ರಲ್ಲಿ. ಶಾಂತಿದೂತನಂತೆ ಪುಸ್ತಕದಲ್ಲಿ ಕಾಣುವ ರಾಬರ್ಟ್, ಟೇಪಿನ ಮೊದಲ ದಿನ ಯುದ್ಧಕ್ಕೆ ಏನಾದರೂ ನೆಪ ಹುಟ್ಟಿಸಬಹುದೇ ಎಂದು ಕೇಳುತ್ತಿರುತ್ತಾರೆ. ಇನ್ನೊಂದು ಸಂಗತಿ ಆ ಕೋಣೆಯಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ: ಅಷ್ಟರಲ್ಲಾಗಲೇ ಕ್ಯೂಬಾದಲ್ಲಿ ರಣರಂಗದಲ್ಲಿ ಬಳಸುವ ಸಣ್ಣ ಅಣ್ವಸ್ತ್ರಗಳೂ ಸುಮಾರು 42,000 ಸೋವಿಯತ್ ಸೈನಿಕರೂ ಇದ್ದರು. ಇದು ಅಮೆರಿಕದವರಿಗೆ ಖಚಿತವಾದದ್ದು 1992ರಲ್ಲಿ. ಲಮೇ ಮಾತು ನಡೆದಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ಹಾಗೆಂದು ಕೆನಡಿಯನ್ನು ದೇವರ ಮನೆಯಲ್ಲಿ ಕೂರಿಸಬೇಡಿ. ಟೇಪು ಅದಕ್ಕೂ ಬಿಡುವುದಿಲ್ಲ. 1962ರ ಸೆಪ್ಟೆಂಬರಿನಲ್ಲಿ ರೈಸ್ ವಿಶ್ವವಿದ್ಯಾಲಯದಲ್ಲಿ ಚಂದ್ರಯಾನದ ಬಗ್ಗೆ ಎದೆ ಉಬ್ಬಿಸುವ ಭಾಷಣ ಮಾಡಿದವರು, ನವೆಂಬರ್ 21ರಂದು ನಾಸಾ ಮುಖ್ಯಸ್ಥ ಜೇಮ್ಸ್ ವೆಬ್ ಎದುರು, ತನಗೆ ಅಂತರಿಕ್ಷದಲ್ಲಿ ಅಷ್ಟೇನೂ ಆಸಕ್ತಿ ಇಲ್ಲ, ರಷ್ಯಾದವರಿಗಿಂತ ಮೊದಲು ಹೋಗಬೇಕು, ಈ ಖರ್ಚಿಗೆ ಅದೊಂದೇ ಸಮರ್ಥನೆ ಎಂದುಬಿಡುತ್ತಾರೆ! ಮುಂದಿನ ವರ್ಷ ಜುಲೈಯಲ್ಲಿ, ಬಸುರಿ ಹೆಂಡತಿಗಾಗಿ ವಾಯುನೆಲೆಯ ಆಸ್ಪತ್ರೆಯ ಕೋಣೆಗೆ 5,000 ಡಾಲರಿನ ಪೀಠೋಪಕರಣ ತಂದರೆಂದು ಪತ್ರಿಕೆಯಲ್ಲಿ ಓದಿ ಸೇನಾ ಸಹಾಯಕರ ಮೇಲೆ ಫೋನಿನಲ್ಲಿ ಕೂಗಾಡುತ್ತಾರೆ. ಮಂಚದ ಪಕ್ಕ ನಿಂತು ಫೋಟೊ ತೆಗೆಸಿಕೊಂಡ ಅಧಿಕಾರಿಯನ್ನು ಅಲಾಸ್ಕಕ್ಕೆ ಎತ್ತಂಗಡಿ ಮಾಡುವ ಮಾತು! ಕೇಳುತ್ತ ನಗುತ್ತೇವೆ. ಆ ಆಸ್ಪತ್ರೆಯಲ್ಲೇ ಆಗಸ್ಟ್ 7ರಂದು ಹುಟ್ಟಿದ ಗಂಡುಮಗು ಎರಡೇ ದಿನದಲ್ಲಿ ತೀರಿಕೊಂಡಿತೆಂದು ಆಮೇಲೆ ನೆನಪಾಗುತ್ತದೆ.

ಈಗ ಲಿಂಡನ್ ಜಾನ್ಸನ್. ಅಬ್ಬಾ, ಈ ಮನುಷ್ಯ! ಫೋನು ಅವರಿಗೆ ಮೂರನೆಯ ಕೈ. ಕೆನಡಿ ಹತ್ಯೆಯಾದ 1963ರ ನವೆಂಬರ್ 22ರಿಂದಲೇ ಕರೆಗಳ ದಾಖಲೆ ಶುರು. ಅಧ್ಯಕ್ಷರು ಗಾಳಿಯಲ್ಲಿ ಬೆರಳು ಗಿರ್ರನೆ ತಿರುಗಿಸಿದರೆ ಕಾರ್ಯದರ್ಶಿ ಯಂತ್ರ ಚಾಲೂ ಮಾಡಬೇಕು ಎಂದರ್ಥ. ಆ ಕಡೆಯವನಿಗೆ ಬೆರಳು ಕಾಣುವುದಿಲ್ಲವಲ್ಲ. ಹೀಗೆ ಕೂಡಿದ ಕರೆಗಳೇ 640 ಗಂಟೆಗೂ ಮೇಲೆ. ತಾನು ಸತ್ತ ಮೇಲೆ 50 ವರ್ಷ ಇವುಗಳಿಗೆ ಮುದ್ರೆ ಇರಲಿ ಎಂಬುದು ಅವರ ಇಚ್ಛೆ. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಅಂದರೆ ನಾವು 2023ರವರೆಗೆ ಕಾಯಬೇಕಿತ್ತು! ಕೆನಡಿ ಹತ್ಯೆಗೆ ಸಂಬಂಧಿಸಿದ ದಾಖಲೆಗಳೆಲ್ಲ ತೆರೆಯಬೇಕೆಂದು 1992ರಲ್ಲಿ ಕಾಯಿದೆ ಬಂತು, ಗ್ರಂಥಾಲಯವೂ ಮನಸ್ಸು ಮಾಡಿತು, 1990ರ ದಶಕದಲ್ಲೇ ಮುದ್ರೆ ಒಡೆಯಿತು.

ಹಳ್ಳಿಯ ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡುವ ದಲ್ಲಾಳಿ ಹೇಗೆ ಹೊಗಳಿ, ಬೈದು, ಆಣೆ ಇಟ್ಟು, ಹೆಗಲ ಮೇಲೆ ಕೈ ಹಾಕಿ ಕೊನೆಗೆ ಬೆಲೆ ಕುದುರಿಸುತ್ತಾನೋ, ಜಾನ್ಸನ್ ಹಾಗೆ ಮನುಷ್ಯರನ್ನು ಕುದುರಿಸುತ್ತಿದ್ದರು. 1963ರ ನವೆಂಬರ್ 29ರ ಕರೆ ಕೇಳಿ. ಕೆನಡಿ ಹತ್ಯೆಯ ತನಿಖಾ ಆಯೋಗಕ್ಕೆ ತಮ್ಮ ಹಳೆಯ ಗುರು, ಜಾರ್ಜಿಯಾದ ಸೆನೆಟರ್ ರಿಚರ್ಡ್ ರಸೆಲ್ ಬೇಕು. ರಸೆಲ್ ಸುತರಾಂ ಒಲ್ಲರು. ಮುಖ್ಯ ನ್ಯಾಯಮೂರ್ತಿ ವಾರೆನ್‌ರನ್ನು ಕಂಡರೆ ಅವರಿಗಾಗದು. ಜಾನ್ಸನ್ ಬೇಡಿಕೊಳ್ಳುತ್ತಾರೆ, ದೇಶದ ಹೆಸರು ಎತ್ತುತ್ತಾರೆ, ಕೊನೆಗೆ ಬಾಂಬು ಹಾಕುತ್ತಾರೆ: ನಿಮ್ಮ ಹೆಸರನ್ನು ಆಗಲೇ ಪತ್ರಿಕೆಗಳಿಗೆ ಕೊಟ್ಟಾಗಿದೆ! ರಸೆಲ್ ಗೊಣಗುತ್ತ ಆಯೋಗ ಸೇರಿದರು.

ಅದೇ ರಸೆಲ್ ಜೊತೆ 1964ರ ಮೇ 27ರ ಕರೆಯಲ್ಲಿ ಬೇರೆಯೇ ಜಾನ್ಸನ್. ವಿಯೆಟ್ನಾಂ ಯುದ್ಧದಲ್ಲಿ ಏನು ಮಾಡುವುದೆಂದು ಇಬ್ಬರಿಗೂ ತೋಚುತ್ತಿಲ್ಲ. ಅಲ್ಲಿ ಗೆಲ್ಲುವ ದಾರಿ ಕಾಣುತ್ತಿಲ್ಲ, ಬಿಟ್ಟುಬರುವ ದಾರಿಯೂ ಕಾಣುತ್ತಿಲ್ಲ. ಅವತ್ತೇ ಭದ್ರತಾ ಸಲಹೆಗಾರ ಬಂಡಿ ಜೊತೆ ಮಾತಾಡುತ್ತ, ತಮ್ಮ ಸೇವೆಗಿರುವ ಸಾರ್ಜೆಂಟ್ ಒಬ್ಬನನ್ನು ಬೆಳಗ್ಗೆ ನೋಡುತ್ತಿದ್ದೆ, ಅವನಿಗೆ ಆರು ಪುಟ್ಟ ಮಕ್ಕಳು, ಅವನನ್ನು ಯಾವ ಪುರುಷಾರ್ಥಕ್ಕೆ ಅಲ್ಲಿಗೆ ಕಳಿಸಲಿ ಎಂದು ಕೇಳುತ್ತಾರೆ. ಎಂಥ ಪ್ರಶ್ನೆ! ಹತ್ತು ತಿಂಗಳಲ್ಲಿ, 1965ರ ಮಾರ್ಚ್ 8ರಂದು, ಅಮೆರಿಕದ ಮೆರೈನ್ ಪಡೆ ಡಾ ನಾಂಗ್ ದಡಕ್ಕೆ ಇಳಿಯಿತು. 1968ರ ಹೊತ್ತಿಗೆ ಅಲ್ಲಿದ್ದ ಅಮೆರಿಕದ ಸೈನಿಕರು ಐದು ಲಕ್ಷಕ್ಕೂ ಹೆಚ್ಚು. ಯುದ್ಧ ಮುಗಿಯುವಷ್ಟರಲ್ಲಿ ಸತ್ತವರು 58,000ಕ್ಕೂ ಹೆಚ್ಚು. ವಿಯೆಟ್ನಾಮಿನವರ ಲೆಕ್ಕ ಇದರ ಎಷ್ಟೋ ಪಟ್ಟು. ಗೊತ್ತಿಲ್ಲದೆ ಹಳ್ಳಕ್ಕೆ ಬಿದ್ದರೆಂದು ನಾವು ತಿಳಿದಿದ್ದೆವು. ಇಲ್ಲ, ಹಳ್ಳದ ಆಳ ಅಂದಾಜಿಸಿಯೇ ಇಳಿದರು. ಟೇಪು ಕೇಳುವ ಮುಂಚೆ ನನಗೆ ಜಾನ್ಸನ್ ಮೇಲೆ ಸಿಟ್ಟಿತ್ತು. ಕೇಳಿದ ಮೇಲೆ ಆ ಸಿಟ್ಟು ಕರಗಲಿಲ್ಲ, ಹೆಚ್ಚಾಯಿತು, ಆದರೆ ಜೊತೆಗೆ ಮರುಕವೂ ಸೇರಿಕೊಂಡಿತು.

ಅದೇ ಗಂಟಲಿನಿಂದ ಇನ್ನೊಂದು ಬಗೆಯ ಮಾತೂ ಹೊರಟಿದೆ. 1965ರ ಜನವರಿ 15, ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ದಿನ. ಜಾನ್ಸನ್ ಅವರಿಗೆ ಫೋನು ಮಾಡಿ, ದಕ್ಷಿಣದಲ್ಲಿ ಕರಿಯರಿಗೆ ಮತ ಹಾಕಲು ಬಿಡದ ಅತಿ ಕೆಟ್ಟ ಉದಾಹರಣೆಯೊಂದನ್ನು ಹಿಡಿದು ರೇಡಿಯೊ, ಟಿವಿ, ಚರ್ಚು, ಸಭೆ ಎಲ್ಲ ಕಡೆ ಸಾರಿ ಎನ್ನುತ್ತಾರೆ. ಅಧ್ಯಕ್ಷನೇ ಚಳವಳಿಗಾರನಿಗೆ ಒತ್ತಡ ಹಾಕುವ ಉಪಾಯ ಹೇಳಿಕೊಡುವುದೆಂದರೇನು! ಕಿಂಗ್ ಆಗಲೇ ಸೆಲ್ಮಾ ಊರಿನಲ್ಲಿ ಆ ಕೆಲಸಕ್ಕೆ ಇಳಿದಿದ್ದರು ಎಂಬುದನ್ನೂ ಮರೆಯಬಾರದು. ಮುಂದೆ ಬಂದ ಮತದಾನ ಕಾಯಿದೆಯ ಪುಣ್ಯವನ್ನೆಲ್ಲ ಶ್ವೇತಭವನದ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಮಾರ್ಚ್ 7ರಂದು ಸೆಲ್ಮಾದ ಸೇತುವೆಯ ಮೇಲೆ ಪೊಲೀಸರ ಲಾಠಿ, ಆಗಸ್ಟ್ 6ರಂದು ಮತದಾನ ಹಕ್ಕಿನ ಕಾಯಿದೆಗೆ ಸಹಿ.

ಮತ್ತೆ ಆ ಪ್ಯಾಂಟಿನ ಕರೆ! ಅದನ್ನು ಬಿಟ್ಟರೆ ಜಾನ್ಸನ್ ಪುರಾಣ ಪೂರ್ತಿಯಾಗದು. 1964ರ ಆಗಸ್ಟ್ 9. ಅಧ್ಯಕ್ಷರು ಡಲ್ಲಾಸಿನ ಬಟ್ಟೆ ತಯಾರಕ ಜೋ ಹ್ಯಾಗರ್ ಅವರಿಗೆ ಸ್ವತಃ ಫೋನು ಮಾಡಿ ಆರು ಪ್ಯಾಂಟು ಹೊಲಿಸಲು ಹೇಳುತ್ತಾರೆ. ಜೇಬು ಇನ್ನೊಂದು ಇಂಚು ಆಳ ಇರಲಿ, ಕೂತರೆ ಚಿಲ್ಲರೆಯೂ ಚಾಕುವೂ ಬಿದ್ದುಹೋಗುತ್ತವೆ. ಸೊಂಟದಲ್ಲಿ ಬಿಡಿಸಲು ಬಟ್ಟೆ ಇರಲಿ, ತೂಕ ತಿಂಗಳಿಗೆ ಹತ್ತು ಹದಿನೈದು ಪೌಂಡು ಏರಿಳಿಯುತ್ತದೆ. ಇನ್ನು ತೊಡೆಸಂದಿಯಲ್ಲಿ ಎಲ್ಲಿ ಎಷ್ಟು ಸಡಿಲ ಬೇಕೆಂಬುದನ್ನು ಅವರು ಯಾವ ಶಬ್ದಗಳಲ್ಲಿ ಹೇಳಿದರೋ ಅದನ್ನು ನಮ್ಮ ದರ್ಜಿಯ ಹತ್ತಿರವೂ ನಾವು ಹೇಳಲಾರೆವು. ನಡುವೆ ಒಂದು ಭರ್ಜರಿ ತೇಗು! ನಗು ತಡೆದುಕೊಂಡು ತಾರೀಖು ನೋಡಿ: ವಿಯೆಟ್ನಾಮಿನಲ್ಲಿ ಬೇಕಾದಷ್ಟು ಸೇನಾಬಲ ಬಳಸಲು ಕಾಂಗ್ರೆಸ್ ಟೊಂಕಿನ್ ಕೊಲ್ಲಿ ನಿರ್ಣಯದ ಮೂಲಕ ಅಧಿಕಾರ ಕೊಟ್ಟು ಎರಡೇ ದಿನವಾಗಿತ್ತು. ಮರುದಿನ ಜಾನ್ಸನ್ ಅದಕ್ಕೆ ಸಹಿ ಹಾಕಿದರು.

ನಿಕ್ಸನ್ 1969ರಲ್ಲಿ ಬಂದವರೇ ಜಾನ್ಸನ್ನರ ಯಂತ್ರಗಳನ್ನೆಲ್ಲ ಕೀಳಿಸಿದರು. ಎರಡು ವರ್ಷ ಸುಮ್ಮನಿದ್ದರು. 1971ರ ಫೆಬ್ರುವರಿ 16ರಿಂದ ತಾವೇ ಹೊಸ ಯಂತ್ರ ಹಾಕಿಸಿದರು! ಮೇಜಿನೊಳಗೆ ಐದು ಮೈಕು, ಅಗ್ಗಿಷ್ಟಿಕೆಯ ಎರಡು ಪಕ್ಕದ ಗೋಡೆದೀಪಗಳಲ್ಲಿ ಎರಡು, ಎದುರು ಕಟ್ಟಡದ ಕಚೇರಿಯಲ್ಲಿ, ಫೋನುಗಳಲ್ಲಿ, ಕ್ಯಾಂಪ್ ಡೇವಿಡ್‌ನಲ್ಲಿ ಕೂಡ. ಯಂತ್ರ ಸೋನಿ ಕಂಪನಿಯದು. ನಿಕ್ಸನ್‌ರಿಗೆ ಯಂತ್ರಗಳೆಂದರೆ ಕೈ ತಡವರಿಕೆ. ಗುಂಡಿ ಒತ್ತುವ ಗೊಡವೆಯೇ ಬೇಡವೆಂದು, ಮಾತು ಕೇಳಿಸಿದ ಕೂಡಲೇ ತಾನಾಗಿ ಓಡುವ ಏರ್ಪಾಟು. ಕೆನಡಿ, ಜಾನ್ಸನ್ ಬೇಕಾದ್ದನ್ನು ಆರಿಸಿ ದಾಖಲಿಸಿದರು. ನಿಕ್ಸನ್ ಆರಿಸಲಿಲ್ಲ. ಸುಮಾರು 3,700 ಗಂಟೆ ಕೂಡಿತು! ಹಗಲೂ ರಾತ್ರಿ ಬಿಡದೆ ಕೇಳಿದರೂ ಐದು ತಿಂಗಳು ಹಿಡಿದೀತು.

ವಾಟರ್‌ಗೇಟ್ ಕಥೆ ಎಲ್ಲರಿಗೂ ಗೊತ್ತಿರುವುದೇ, ಓಡೋಡುತ್ತ ಹೇಳಿಬಿಡುತ್ತೇನೆ. 1973ರ ಜುಲೈ 16ರಂದು ನಿಕ್ಸನ್ನರ ಸಹಾಯಕರಾಗಿದ್ದ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಸೆನೆಟ್ ಸಮಿತಿಯ ಮುಂದೆ ಟೇಪುಗಳ ಗುಟ್ಟು ಬಿಟ್ಟುಕೊಟ್ಟರು. ಟೇಪು ಕೊಡಿ, ಕೊಡುವುದಿಲ್ಲ ಎಂಬ ಜಗಳ ಒಂದು ವರ್ಷ ನಡೆಯಿತು. 1974ರ ಜುಲೈ 24ರಂದು ಸುಪ್ರೀಂ ಕೋರ್ಟು 8–0 ಮತದಿಂದ ಕೊಡಲೇಬೇಕು ಎಂದಿತು. ವಾಟರ್‌ಗೇಟ್ ಕಟ್ಟಡಕ್ಕೆ ಕಳ್ಳರು ನುಗ್ಗಿದ ಪ್ರಕರಣದ ತನಿಖೆಯನ್ನು ಸಿಐಎ ಮೂಲಕ ತಡೆಯುವ ಸಂಚಿಗೆ ನಿಕ್ಸನ್ ಹೂಂ ಎಂದ 1972ರ ಜೂನ್ 23ರ ಟೇಪು ಹೊರಬಿತ್ತು. ಆಗಸ್ಟ್ 9ರಂದು ರಾಜೀನಾಮೆ. ಪ್ಯಾಂಟಿನ ಕರೆಗೆ ಅವತ್ತಿಗೆ ಸರಿಯಾಗಿ ಹತ್ತು ವರ್ಷ, ಅದೇನು ಕಾಕತಾಳೀಯವೋ! 1972ರ ಜೂನ್ 20ರ ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಬರೀ ಗುಂಯ್ ಎನ್ನುವ ಸದ್ದು. ಐದಾರು ನಿಮಿಷ ನನ್ನ ಕೈತಪ್ಪಿನಿಂದ ಅಳಿಸಿರಬಹುದು ಎಂದು ಕಾರ್ಯದರ್ಶಿ ರೋಸ್ ಮೇರಿ ವುಡ್ಸ್ ಹೇಳಿದರು. ಒಮ್ಮೆ ಅಲ್ಲ, ಕನಿಷ್ಠ ಐದು ಸಲ ಒತ್ತಿ ಅಳಿಸಿದ್ದು ಎಂದರು ತಜ್ಞರು. ಅದರಡಿಯ ಮಾತನ್ನು ಎತ್ತಲು ರಾಷ್ಟ್ರೀಯ ಪತ್ರಾಗಾರ ಹೊಸ ತಂತ್ರಗಳನ್ನೆಲ್ಲ ಪ್ರಯೋಗಿಸಿ 2003ರಲ್ಲಿ ಕೈಚೆಲ್ಲಿತು.

ಆದರೆ ನಿಕ್ಸನ್ ಟೇಪುಗಳಲ್ಲಿ ನಮ್ಮ ಎದೆಗೇ ನಾಟುವ ಭಾಗ ಬೇರೆ. 1971! ಪೂರ್ವ ಪಾಕಿಸ್ತಾನದಲ್ಲಿ ನರಮೇಧ, ಭಾರತಕ್ಕೆ ನಿರಾಶ್ರಿತರ ಪ್ರವಾಹ. ಢಾಕಾದಲ್ಲಿದ್ದ ಅಮೆರಿಕದ ಕಾನ್ಸಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಸಹೋದ್ಯೋಗಿಗಳು ಏಪ್ರಿಲ್ 6ರಂದು ತಮ್ಮದೇ ಸರ್ಕಾರದ ಮೌನವನ್ನು ಖಂಡಿಸಿ ತಂತಿ ಕಳಿಸಿದರು. ನಿಕ್ಸನ್, ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಕಿವಿಗೊಡಲಿಲ್ಲ. ಚೀನಾಕ್ಕೆ ಗುಟ್ಟಿನ ದಾರಿ ತೆರೆಯುತ್ತಿದ್ದದ್ದು ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್. ಕಿಸಿಂಜರ್ ಜುಲೈಯಲ್ಲಿ ಪೀಕಿಂಗಿಗೆ ಹಾರಿದ್ದೂ ಅಲ್ಲಿಂದಲೇ. ನವೆಂಬರ್ 4ರಂದು ಇಂದಿರಾ ಗಾಂಧಿ ಶ್ವೇತಭವನಕ್ಕೆ ಬಂದರು. ಮರುದಿನ ಬೆಳಗ್ಗೆ ಅವರ ಬೆನ್ನ ಹಿಂದೆ ಇವರಿಬ್ಬರೂ ಕೂತು ಮುದಿ ಮಾಟಗಾತಿ ಮುಂತಾದ ಬೈಗುಳ ಸುರಿಸಿದರು. ಅದಕ್ಕಿಂತ ಕೀಳಾದವೂ ಇವೆ, ಇಲ್ಲಿ ಬೇಡ. ಎಲ್ಲ ಟೇಪಾಯಿತು! 2005ರಲ್ಲಿ ಆ ಮಾತುಗಳು ಅಚ್ಚಿಗೆ ಬಂದಾಗ ಕಿಸಿಂಜರ್ ವಿಷಾದ ಹೇಳಬೇಕಾಯಿತು.

ಬೈಗುಳ ಬಿಡಿ, ಗದ್ದುಗೆಯಲ್ಲಿ ಕೂತವರಿಗೆ ನಾಲಗೆ ಸಡಿಲವಿರುವುದು ಹೊಸತಲ್ಲ. ಬೆಚ್ಚಿಬೀಳಿಸುವುದು ಡಿಸೆಂಬರಿನ ಮಾತುಗಳು. ಯುದ್ಧ ಶುರುವಾದ ಮೇಲೆ ಇರಾನ್ ಮತ್ತು ಜೋರ್ಡಾನ್ ಮೂಲಕ ಪಾಕಿಸ್ತಾನಕ್ಕೆ ಯುದ್ಧವಿಮಾನ ಸಾಗಿಸುವ ಯೋಚನೆ. ಇದು ಕಾನೂನಿಗೆ ವಿರುದ್ಧ ಎಂದು ತಮ್ಮದೇ ಇಲಾಖೆಗಳ ವಕೀಲರು ಹೇಳಿದ್ದಾರೆಂದು ಗೊತ್ತಿದ್ದೂ ಗೊತ್ತಿದ್ದೂ ಇಬ್ಬರೂ ಮುಂದುವರಿಯುತ್ತಾರೆ. ಚೀನಾ ಭಾರತದ ಗಡಿಯತ್ತ ಸೈನ್ಯ ಚಲಿಸಲಿ ಎಂಬ ಕುಮ್ಮಕ್ಕು ಬೇರೆ. ಹಾಗಾದಲ್ಲಿ ಸೋವಿಯತ್ ದೇಶ ಚೀನಾದ ಮೇಲೆ ಬಿದ್ದರೆ ನಾವೇನು ಮಾಡುವುದು, ಅಣ್ವಸ್ತ್ರ ಎಸೆಯುವುದೇ ಎಂದು ಡಿಸೆಂಬರ್ 12ರಂದು ನಿಕ್ಸನ್ ಕೇಳುತ್ತಾರೆ. ಕೇಳಿದಿರಾ? ಇಲ್ಲಿ ನಮ್ಮ ಮನೆಗಳ ಹಿರಿಯರು ಆಕಾಶವಾಣಿಯ ಯುದ್ಧವಾರ್ತೆಗೆ ಕಿವಿಕೊಟ್ಟು ಕೂತಿದ್ದ ವಾರವೇ ಅದು! ವಿಮಾನವಾಹಕ ನೌಕೆ ‘ಎಂಟರ್‌ಪ್ರೈಸ್’ ಬಂಗಾಳ ಕೊಲ್ಲಿಗೆ ಹೊರಟಿದ್ದೂ ಆಗಲೇ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾಗಿ ಎಲ್ಲ ತಣ್ಣಗಾಯಿತು.

ಕೆನಡಿಯ ಶನಿವಾರವನ್ನೂ ಈ ಡಿಸೆಂಬರನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಅಲ್ಲಿ ಕೋಣೆ ತುಂಬ ಜನ, ಹತ್ತು ದನಿ. ಅಧ್ಯಕ್ಷನ ಮಾತನ್ನು ಕತ್ತರಿಸುವವರಿದ್ದಾರೆ, ಹಂಗಿಸುವವರಿದ್ದಾರೆ. ಇಲ್ಲಿ ಇಬ್ಬರು ಮಾತ್ರ. ಒಬ್ಬರ ಸಿಟ್ಟಿಗೆ ಇನ್ನೊಬ್ಬರ ತುಪ್ಪ. ಅಮೆರಿಕದ ಅಧ್ಯಕ್ಷನ ಶಕ್ತಿ ಅವನ ಸಹಿಯಲ್ಲಿದೆ ಎಂದು ನಾವು ಓದಿದ್ದೆವು. ಅವನೆದುರು ‘ಅದಾಗದು ಸ್ವಾಮಿ’ ಎನ್ನುವ ಗಂಟಲು ಆ ಕೋಣೆಯಲ್ಲಿತ್ತೇ ಇಲ್ಲವೇ ಎಂಬುದರ ಮೇಲೆ ದೇಶಗಳ ಹಣೆಬರಹ ನಿಂತಿತ್ತು ಎಂದು ನನಗನ್ನಿಸತೊಡಗಿದ್ದು ಟೇಪುಗಳಿಂದಲೇ.

ಒಂದು ಮಾತು ನಿಕ್ಸನ್ ಪರವಾಗಿಯೂ ಹೇಳಬೇಕು. ಪರಿಸರ ರಕ್ಷಣೆಗೆ ಪ್ರತ್ಯೇಕ ಸಂಸ್ಥೆ ಕಟ್ಟಿದವರು, ಚೀನಾದ ಬಾಗಿಲು ತಟ್ಟಿದವರು, 1972ರಲ್ಲಿ ಸೋವಿಯತ್ ಜೊತೆ ಅಣ್ವಸ್ತ್ರ ಮಿತಿಯ ಒಪ್ಪಂದಕ್ಕೆ ಸಹಿ ಹಾಕಿದವರು ಅವರೇ. ಅವರ ಖಾಸಗಿ ಮಾತೆಲ್ಲ ನಮ್ಮ ಕೈಯಲ್ಲಿದೆ. ಜೆಫರ್ಸನ್, ಜಾಕ್ಸನ್, ಟೆಡ್ಡಿ ರೂಸ್‌ವೆಲ್ಟ್ ಮುಚ್ಚಿದ ಬಾಗಿಲ ಹಿಂದೆ ಏನಾಡಿದರೋ ಯಾರು ಕಂಡರು? ಟೇಪು ಇಲ್ಲದ ಕಾಲದಲ್ಲಿ ಆಳಿದವರು ಪುಣ್ಯವಂತರು.

1940ರಿಂದ 1973ರವರೆಗೆ ತೆರೆದಿದ್ದ ಆ ಬಾಗಿಲು ನಿಕ್ಸನ್ ಟೇಪುಗಳ ಗುಟ್ಟು ಹೊರಬಿದ್ದದ್ದರೊಂದಿಗೆ ಮುಚ್ಚಿತು. ಮಾತನ್ನು ಹೀಗೆ ಸಾರಾಸಗಟಾಗಿ ತುಂಬಿಡುವ ಉಸಾಬರಿಗೆ ಆಮೇಲಿನವರು ಹೋಗಲಿಲ್ಲ. ಅಧ್ಯಕ್ಷರ ದಾಖಲೆಗಳು ಸಾರ್ವಜನಿಕ ಸ್ವತ್ತು ಎಂದು ಕಾಯಿದೆಯಾದದ್ದು 1978ರಲ್ಲಿ, ಹೌದು, ಬ್ಯೂಟೋ ಕೈಗೆ ರೂಸ್‌ವೆಲ್ಟ್ ದನಿ ಸಿಕ್ಕ ವರ್ಷವೇ. ನಿಕ್ಸನ್ ಟೇಪುಗಳ ಕೊನೆಯ ದೊಡ್ಡ ಕಂತು 2013ರ ಆಗಸ್ಟಿನಲ್ಲಿ ಬಂತು. ಆದರೂ 3,700ರಲ್ಲಿ ಹೊರಬಂದದ್ದು ಸುಮಾರು 3,000 ಗಂಟೆ. ಉಳಿದದ್ದು ದೇಶದ ಭದ್ರತೆ, ಖಾಸಗಿತನ ಎಂಬ ಬೀಗದೊಳಗಿದೆ. ಬೀಗ ಈಗಲೂ ಅಷ್ಟಿಷ್ಟು ಸಡಿಲುತ್ತಿರುತ್ತದೆ. 1971ರ ಬಗ್ಗೆ ಬರೆದ ಗ್ಯಾರಿ ಬಾಸ್ ಪಟ್ಟುಬಿಡದೆ ಕೇಳಿದ್ದಕ್ಕೆ, ಮುಂಚೆ ಕತ್ತರಿಸಿದ್ದ ಮಾತುಗಳು ತೆರೆದುಕೊಂಡು 2020ರಲ್ಲಿ ಪ್ರಕಟವಾದವು. ಭಾರತದ ಹೆಂಗಸರ ಬಗ್ಗೆ ನಿಕ್ಸನ್ ಆಡಿದ ಹೊಲಸು ಅದರಲ್ಲಿತ್ತು. ಇನ್ನೇನೇನಿದೆಯೋ!

ಇವನ್ನು ಕೇಳಲು ಅಮೆರಿಕಕ್ಕೆ ಹೋಗಬೇಕಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಸೆಂಟರ್ ಸಾವಿರಾರು ತುಣುಕುಗಳನ್ನು ಜಾಲತಾಣದಲ್ಲಿ ಇಟ್ಟಿದೆ, ಎಷ್ಟೋ ಕಡೆ ಬರಹರೂಪವೂ ಜೊತೆಗಿದೆ. ಜಾನ್ಸನ್ ಕರೆಗಳಿಂದ ಶುರು ಮಾಡಿ, ಅವು ನೀರು ಕುಡಿದಷ್ಟು ಸಲೀಸು. ನಿಕ್ಸನ್‌ರಿಗೆ ಹೋಗುವಾಗ ಮಾತ್ರ ಒಳ್ಳೆಯ ಹೆಡ್‌ಫೋನ್ ಇರಲಿ: ದುಡ್ಡು ಉಳಿಸಲೋ ಏನೋ, ಭೂಮಂಡಲದ ಅತಿ ಬಲಿಷ್ಠ ಕಚೇರಿಯಲ್ಲಿ ತೆಳ್ಳನೆಯ ಟೇಪನ್ನು ಅತಿ ನಿಧಾನದ ವೇಗದಲ್ಲಿ ಓಡಿಸಿದ್ದಾರೆ, ಕಾಫಿ ಕಪ್ಪಿನ ಸದ್ದು ಕಿಸಿಂಜರ್ ದನಿಗಿಂತ ಜೋರಾಗಿ ಕೇಳಿಸುತ್ತದೆ.